ಪ್ರತಿ ಫೋಟೋದಲ್ಲೂ ಮಾವ

ಅಕ್ಕನ ಮದುವೆಯ ಆಲ್ಬಮ್ಮಿನಲ್ಲಿ ನೂರಾ ಇಪ್ಪತ್ತು ಫೋಟೋಗಳಿವೆ. ಅವುಗಳಲ್ಲಿ ನೂರಾ ನಾಲ್ಕರಲ್ಲಿ ನಮ್ಮ ಸೋದರಮಾವ ಇದ್ದಾರೆ. ನಾನೇ ಎಣಿಸಿದ್ದೇನೆ. ಧಾರೆ ಎರೆಯುವಾಗ ಅಕ್ಕ-ಭಾವರ ನಡುವೆ ಮೂರನೆಯದೊಂದು ತಲೆ, ಲಾಜಹೋಮದ ಹೊಗೆಯಾಚೆ ಒಂದು ಜರಿ ಶಲ್ಯ, ಊಟದ ಪಂಕ್ತಿಯ ಚಿತ್ರದಲ್ಲಿ ಹೋಳಿಗೆ ಬುಟ್ಟಿಯ ಮೇಲೆ ಬರೀ ಒಂದು ಕೈ. ಎಚ್‌ಎಂಟಿ ವಾಚಿನ ಗುರುತಿನಿಂದ ಅದೂ ಅವರದೇ. 1994ರ ಆ ಮದುವೆಯಲ್ಲಿ ಎರವಲು ಕ್ಯಾಮೆರಾ ಕುತ್ತಿಗೆಗೆ ನೇತುಹಾಕಿಕೊಂಡು ಓಡಾಡಿದ ಫೋಟೋಗ್ರಾಫರ್ ನಾನು. "ಮಾವ, ಚೂರು ಆಚೆ ಸರೀರಿ" ಎಂದು ಅವತ್ತು ಎಷ್ಟು ಸಲ ಗೋಗರೆದೆನೋ. ಅವರು ಪಾಪ, ಸರಿಯುತ್ತಿದ್ದರು. ಸರಿದು, ಮುಂದಿನ ಫೋಟೋ ಎಲ್ಲಿ ತೆಗೆಯಬೇಕೋ ಸರಿಯಾಗಿ ಅಲ್ಲಿಗೇ ಹೋಗಿ ನಿಲ್ಲುತ್ತಿದ್ದರು.

ಈ ಮಾವ ನನಗೆ ಮತ್ತೆ ಸಿಕ್ಕಿದ್ದು ಅಲಾಸ್ಕಾದಲ್ಲಿ, ಆರ್ಕ್ಟಿಕ್ ವೃತ್ತದ ಆಸುಪಾಸಿನಲ್ಲಿ, ಮೈನಸ್ 31 ಡಿಗ್ರಿ ಚಳಿಯಲ್ಲಿ.

ನಾನು ಅಲ್ಲಿಗೆ ಹೋದದ್ದೇ ಮನುಷ್ಯರಿಲ್ಲದ ಫೋಟೋ ತೆಗೆಯಲಿಕ್ಕೆ. ಸಿಯಾಟಲ್ ಬಳಿ ನೆಲೆಸಿದ ಈ ಇಪ್ಪತ್ತು ವರ್ಷಗಳಲ್ಲಿ ರಾಜ್ಯೋತ್ಸವ, ಉಪನಯನ, ಸೀಮಂತ, ಬರ್ತ್‌ಡೇ ಅಂತ ಕಂಡಕಂಡವರ ಫೋಟೋಗಳನ್ನು ಪುಕ್ಕಟೆ ತೆಗೆದುಕೊಟ್ಟು ರೋಸಿಹೋಗಿದ್ದೆ. ಫೋಟೋ ತೆಗೆಯುವುದು ಕಷ್ಟವಲ್ಲ; "ನನ್ನ ಕಣ್ಣು ಮುಚ್ಚಿದೆ, ಬೇರೆ ಇಲ್ವಾ?" ಎಂಬ ಫೋನಿಗೆ ಉತ್ತರ ಕೊಡುವುದು ಕಷ್ಟ. ಪರ್ವತ ಕಣ್ಣು ಮುಚ್ಚುವುದಿಲ್ಲ, ಹಿಮ ವಾಟ್ಸಾಪ್ ಮಾಡುವುದಿಲ್ಲ. ಹಾಗಂತ ಒಂದು ಮಾರ್ಚ್ ತಿಂಗಳಲ್ಲಿ ಫೇರ್‌ಬ್ಯಾಂಕ್ಸ್‌ಗೆ ವಿಮಾನ ಹತ್ತಿದೆ. ತೀರ್ಥಹಳ್ಳಿಯಿಂದ ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ: "ಒಬ್ಬನೇನಾ?" ಹೌದು ಅಂದೆ. "ಎಂತ ಕರ್ಮ ಮಾರಾಯ. ಕಿವಿಗೆ ಹತ್ತಿ ಇಟ್ಕೊ." ಮೈನಸ್ ಮೂವತ್ತಕ್ಕೆ ನಮ್ಮ ಮಲೆನಾಡಿನಲ್ಲಿ ಇರುವ ಮದ್ದು ಇದೇ. ಹದಿನಾರು ಡಿಗ್ರಿಗೂ ಇದೇ.

ಫೇರ್‌ಬ್ಯಾಂಕ್ಸ್‌ನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಕಾರುಗಳ ಮೂತಿಯಿಂದ ಹೊರಗೆ ನೇತಾಡುವ ಒಂದೊಂದು ವೈರು. ಚಳಿಗೆ ಎಂಜಿನ್ ಕಲ್ಲಾಗದಿರಲೆಂದು ಒಳಗೊಂದು ಹೀಟರು ಕೂರಿಸಿರುತ್ತಾರೆ. ಕಾರು ನಿಲ್ಲಿಸಿದ ಕಡೆಯಲ್ಲೆಲ್ಲ ಕಂಬ, ಕಂಬದಲ್ಲಿ ಪ್ಲಗ್ಗು. ಆಫೀಸಿನ ಮುಂದೆ ಕಾರುಗಳು ಕೊಟ್ಟಿಗೆಯಲ್ಲಿ ಕಟ್ಟಿದ ಎಮ್ಮೆಗಳ ಹಾಗೆ ಸಾಲಾಗಿ ನಿಂತು ಹಬೆಯಾಡುತ್ತವೆ. ನನಗೂ ಒಂದು ಎಮ್ಮೆ ಬಾಡಿಗೆಗೆ ಸಿಕ್ಕಿತು. ಬಹುಪಾಲು ಬಾಡಿಗೆ ಕಾರಿನವರು ಡಾಲ್ಟನ್ ಹೆದ್ದಾರಿ ಅಂದ ಕೂಡಲೇ ಬೀಗದ ಕೈ ವಾಪಸ್ ಜೇಬಿಗೆ ಹಾಕಿಕೊಳ್ಳುತ್ತಾರೆ. ಒಪ್ಪಿದವರು ಎರಡು ಸ್ಟೆಪ್ನಿ, ಲಾರಿಯವರ ಜೊತೆ ಮಾತಾಡಲು ಒಂದು ವೈರ್‌ಲೆಸ್ ಸೆಟ್ಟು, ಮೂರು ಕಡೆ ಸಹಿ ಹಾಕಬೇಕಾದ ಒಂದು ಕಾಗದ ಕೊಟ್ಟರು. ಓದಿ ನೋಡಿದರೆ ಅದು ಕರಾರಿಗಿಂತ ಉಯಿಲಿನ ಹಾಗಿತ್ತು.

ಡಾಲ್ಟನ್ ಹೆದ್ದಾರಿ ಫೇರ್‌ಬ್ಯಾಂಕ್ಸ್‌ನ ಉತ್ತರಕ್ಕೆ ಸುಮಾರು 135 ಕಿ.ಮೀ. ಹೋದ ಮೇಲೆ ಶುರುವಾಗುತ್ತದೆ. ಅಲ್ಲಿಂದ 666 ಕಿ.ಮೀ. ಯೂಕಾನ್ ನದಿ ದಾಟಿ, ಬ್ರೂಕ್ಸ್ ಪರ್ವತಸಾಲನ್ನು ಹತ್ತಿಳಿದು, ಆರ್ಕ್ಟಿಕ್ ಸಾಗರ ಇನ್ನೇನು ಬಂತು ಅನ್ನುವಲ್ಲಿ ಡೆಡ್‌ಹಾರ್ಸ್ ಎಂಬ ಎಣ್ಣೆ ಕೆಲಸಗಾರರ ಬಿಡಾರದಲ್ಲಿ ಮುಗಿಯುತ್ತದೆ. ಡೆಡ್‌ಹಾರ್ಸ್ ಅಂದರೆ ಸತ್ತ ಕುದುರೆ. ನಡುವೆ ಉಳಿಯಲಿಕ್ಕೆ ಸಿಗುವ ಊರು ಕೋಲ್ಡ್‌ಫುಟ್, ಅಂದರೆ ತಣ್ಣನೆಯ ಪಾದ. 1900ರ ಸುಮಾರಿಗೆ ಚಿನ್ನ ಹುಡುಕಿ ಬಂದವರು ಇಲ್ಲಿಯ ತನಕ ಬಂದು ಧೈರ್ಯಗೆಟ್ಟು ಹಿಂತಿರುಗಿದರಂತೆ. ಇಂಗ್ಲಿಷಿನವರಿಗೆ ಪಾದ ತಣ್ಣಗಾದರೆ ಅಂಜಿಕೆ ಎಂದರ್ಥ. ನಮ್ಮ ಕಡೆ ಯಾರದಾದರೂ ಪಾದ ತಣ್ಣಗಾಯಿತೆಂದರೆ ಬೆಂಗಳೂರಿನಲ್ಲಿರುವ ಮಕ್ಕಳಿಗೆ ಫೋನು ಹೋಗುತ್ತದೆ. ಅಮ್ಮನಿಗೆ ಈ ಊರುಗಳ ಹೆಸರನ್ನು ಕನ್ನಡದಲ್ಲಿ ಹೇಳಲಿಲ್ಲ.

ಮಾವ ಕಾಣಿಸಿಕೊಂಡದ್ದು ಮೊದಲ ದಿನವೇ. ದಾರಿಯುದ್ದಕ್ಕೂ ಕುಳ್ಳ ಸ್ಪ್ರೂಸ್ ಮರಗಳು, ಮೈತುಂಬ ಹಿಮ ಹೊತ್ತು ಬಗ್ಗಿ ನಿಂತಿದ್ದವು. ಒಂದೊಂದೂ ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಬದುವಿನಲ್ಲಿ ನಿಂತ ಆಳಿನ ಹಾಗೆ. ಇಳಿದೆ, ಟ್ರೈಪಾಡ್ ನಿಲ್ಲಿಸಿದೆ, ಕಣ್ಣಿಟ್ಟು ನೋಡಿದರೆ ಎಡಗಡೆಯಿಂದ ಬಲಗಡೆಗೆ, ಶಲ್ಯ ಹೊದ್ದಂತೆ, ಬೆಳ್ಳಿ ಬಣ್ಣದ ಒಂದು ಪೈಪು. ನಾನು ನಾಲ್ಕು ಹೆಜ್ಜೆ ಆಚೆ ಹೋದೆ. ಪೈಪೂ ಬಂತು. ಗುಡ್ಡ ಹತ್ತಿದೆ, ಅದು ಮೊದಲೇ ಹತ್ತಿ ಕೂತಿತ್ತು. ಹತ್ತು ಕಿ.ಮೀ. ಮುಂದೆ ಹೋದೆ, ರಸ್ತೆಯ ಆ ಪಕ್ಕದಲ್ಲಿದ್ದದ್ದು ಈ ಪಕ್ಕಕ್ಕೆ ದಾಟಿ ಬಂದು ನಿಂತಿತ್ತು. ಥೇಟ್ ಮಾವ.

ಉತ್ತರದ ಪ್ರೂಡೋ ಬೇ ಎಣ್ಣೆ ಬಾವಿಗಳಿಂದ ದಕ್ಷಿಣದ ವಾಲ್ಡೀಸ್ ಬಂದರಿನ ತನಕ 800 ಮೈಲಿ ಹರಿಯುವ ಟ್ರಾನ್ಸ್-ಅಲಾಸ್ಕಾ ಪೈಪ್‌ಲೈನ್ ಇದು. ಅಡ್ಡಳತೆ 48 ಇಂಚು. ಒಳಗೆ ಒಂದು ಎಮ್ಮೆಕರು ಆರಾಮಾಗಿ ಓಡಾಡಬಹುದು. 1977ರಲ್ಲಿ ಇದರಲ್ಲಿ ಎಣ್ಣೆ ಹರಿಯಲು ಶುರುವಾಯಿತು. ಇಲ್ಲಿಯ ನೆಲ ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಅದರಲ್ಲಿ ಬಿಸಿ ಎಣ್ಣೆಯ ಪೈಪನ್ನು ಹೂತರೆ ನೆಲ ಕರಗಿ ಕೆಸರಾಗಿ ಪೈಪು ಕುಸಿಯುತ್ತದೆ. ಅದಕ್ಕೇ ಅರ್ಧಕ್ಕಿಂತ ಹೆಚ್ಚು ದಾರಿಯನ್ನು ಅದು ಕಂಬಗಳ ಮೇಲೆ, ಹಸೆಮಣೆ ಏರಿದಂತೆ, ನೆಲ ಸೋಕದೆ ಸಾಗುತ್ತದೆ. ಕಂಬಗಳ ತಲೆಯ ಮೇಲೆ ಗರಿಗರಿಯಾದ ಲೋಹದ ಜುಟ್ಟುಗಳು ಬೇರೆ. ಕಂಬದೊಳಗಿನ ಕೊಳವೆಯಲ್ಲಿ ಅಮೋನಿಯಾ ತುಂಬಿರುತ್ತದೆ. ಅದು ನೆಲದಡಿಯ ಶಾಖಕ್ಕೆ ಆವಿಯಾಗಿ ಮೇಲೇರಿ, ಆ ಜುಟ್ಟಿನಲ್ಲಿ ಶಾಖವನ್ನು ಗಾಳಿಗೆ ಕೊಟ್ಟು, ತಣಿದು ದ್ರವವಾಗಿ ಮತ್ತೆ ಕೆಳಗಿಳಿಯುತ್ತದೆ. ಮೋಟರಿಲ್ಲ, ಕರೆಂಟಿಲ್ಲ. ಪೈಪು ನೆಟ್ಟಗೆ ಹೋಗದೆ ಅಂಕುಡೊಂಕಾಗಿ ಹೋಗುವುದೂ ಲೆಕ್ಕಾಚಾರವೇ: ಸೆಖೆಗೆ ಹಿಗ್ಗಲು, ಚಳಿಗೆ ಕುಗ್ಗಲು, ಭೂಮಿ ನಡುಗಿದರೆ ಜಾರಿಕೊಳ್ಳಲು ಜಾಗ ಬೇಕು. 2002ರಲ್ಲಿ 7.9 ಪ್ರಮಾಣದ ಭೂಕಂಪವಾದಾಗ ಇದು ಮೈ ಕೊಸರಿಕೊಂಡು ಮುರಿಯದೆ ಉಳಿಯಿತು.

ಇಷ್ಟೆಲ್ಲ ತಿಳಿದ ಮೇಲೂ ಸಿಟ್ಟು ಇಳಿಯಲಿಲ್ಲ. ಪೈಪಿಲ್ಲದ ಫೋಟೋಕ್ಕಾಗಿ ಎರಡು ದಿನ ಒದ್ದಾಡಿದೆ. ಚಳಿಯಲ್ಲಿ ಫೋಟೋ ತೆಗೆಯುವುದು ಹೇಗೂ ಬಾಣಂತನವೇ. ಹೊರಗಿಟ್ಟ ಬ್ಯಾಟರಿ ಹತ್ತು ನಿಮಿಷಕ್ಕೆ ಕಣ್ಣು ಮುಚ್ಚುತ್ತದೆ. ಆದ್ದರಿಂದ ಎರಡನ್ನು ಒಳಂಗಿಯಲ್ಲಿ ಮೊಟ್ಟೆಯ ಹಾಗೆ ಕಾವಿಗಿಟ್ಟು, ಒಂದು ಸೋತಾಗ ಇನ್ನೊಂದನ್ನು ತೆಗೆಯಬೇಕು. ಕ್ಯಾಮೆರಾದ ಹಿಂದೆ ಉಸಿರು ಬಿಟ್ಟರೆ ಅಲ್ಲೇ ಹರಳಾಗುತ್ತದೆ. ಹೊರಗಿನಿಂದ ನೇರ ಬೆಚ್ಚಗಿನ ಕೋಣೆಗೆ ತಂದರೆ ಲೆನ್ಸ್ ಪೂರ್ತಿ ಬೆವರುತ್ತದೆ, ಹಾಗಾಗಿ ಹೊರಗೇ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ತರಬೇಕು, ಮಾರನೆಯ ಬೆಳಗಿನ ತನಕ ಬಿಚ್ಚಬಾರದು. ಎಲ್ಲಕ್ಕಿಂತ ತಮಾಷೆಯೆಂದರೆ ಕ್ಯಾಮೆರಾಕ್ಕೆ ಹಿಮ ಬಿಳಿಯೆಂಬ ನಂಬಿಕೆಯೇ ಇಲ್ಲ. ಅದರ ಲೆಕ್ಕದಲ್ಲಿ ಜಗತ್ತೆಲ್ಲ ಸರಾಸರಿ ಬೂದು. "ಇಲ್ಲಪ್ಪ, ಇದು ನಿಜವಾಗಿಯೂ ಬೆಳ್ಳಗಿದೆ" ಎಂದು ನಾವೇ ಒಂದೂವರೆ ಸ್ಟಾಪ್ ಬೆಳಕು ಹೆಚ್ಚು ಕೊಟ್ಟು ಒಪ್ಪಿಸಬೇಕು. ಅಮ್ಮ ಕಳಿಸಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಶೀಶೆ ಡಿಕ್ಕಿಯಲ್ಲಿತ್ತು. ತುಂಬ ಗಟ್ಟಿ ಉಪ್ಪುನೀರು ಕೂಡ ಮೈನಸ್ 21ಕ್ಕೆ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ಶೀಶೆ ಅಲ್ಲಾಡಿಸಿ ನೋಡುವುದು ನನ್ನ ಹವಾಮಾನ ವರದಿಯಾಯಿತು: ಕುಲುಕಿದರೆ ಹಿತವಾದ ದಿನ, ಕುಲುಕದಿದ್ದರೆ ಇನ್ನೊಂದು ಕಾಲುಚೀಲ. ಇದೇ ದಾರಿಯ ಪ್ರಾಸ್ಪೆಕ್ಟ್ ಕ್ರೀಕ್ ಎಂಬಲ್ಲಿ 1971ರ ಜನವರಿಯಲ್ಲಿ ಮೈನಸ್ 62 ದಾಖಲಾಗಿತ್ತು. ಅದು ಇಡೀ ಅಮೆರಿಕದ ದಾಖಲೆ. ನನ್ನ ಮೈನಸ್ 31 ಅದರ ಮುಂದೆ ಬರೀ ಮಾಗಿ.

ಕೋಲ್ಡ್‌ಫುಟ್‌ನ ರಾತ್ರಿ ಉತ್ತರದ ಬೆಳಕು ಕಂಡಿತು. ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನು ಹೇಳುವುದು ಇಷ್ಟೇ, ನೂರು ಕಿ.ಮೀ. ಎತ್ತರದಲ್ಲಿ ಆಮ್ಲಜನಕ ಹೊಳೆಯುವ ಆ ಹಸಿರು ಕಣ್ಣಿಗಿಂತ ಕ್ಯಾಮೆರಾಕ್ಕೆ ಜಾಸ್ತಿ ಕಾಣುತ್ತದೆ. ಮೊದಲು ಒಲೆಯ ಹೊಗೆ ಅಂದುಕೊಂಡೆ. ಆಮೇಲೆ ಕತ್ತು ನೋಯುವ ತನಕ ನೋಡಿದೆ.

ಅಲ್ಲಿನ ಊಟದ ಮನೆಯನ್ನು ಕಟ್ಟಿಸಿದವನು ಡಿಕ್ ಮ್ಯಾಕಿ. 1978ರ ಇಡಿಟರಾಡ್ ನಾಯಿಗಾಡಿ ಓಟವನ್ನು, ಎರಡು ವಾರ ಓಡಿ, ಒಂದೇ ಸೆಕೆಂಡಿನಿಂದ ಗೆದ್ದವನು. ಹಳೆಯ ಶಾಲಾ ಬಸ್ಸೊಂದರಲ್ಲಿ ಬರ್ಗರ್ ಮಾರುತ್ತ ಶುರುಮಾಡಿದನಂತೆ, ಕಟ್ಟಡಕ್ಕೆ ಕೈ ಹಚ್ಚಿದವರು ಲಾರಿ ಡ್ರೈವರುಗಳಂತೆ. ಈಗಲೂ ಅಲ್ಲಿ ಅವರದೇ ದರ್ಬಾರು. ನನ್ನ ಕ್ಯಾಮೆರಾ ಚೀಲ ನೋಡಿ ಒಬ್ಬ ಕೇಳಿದ: "ಬೆಳಿಗ್ಗೆ ಸೇತುವೆ ಹತ್ತಿರ ಹಿಮದಲ್ಲಿ ಬೋರಲು ಬಿದ್ದಿದ್ದವನು ನೀನೇನಾ?" ನಾನೇ. ಪೈಪು ಬಾರದ ಕೋನ ಹುಡುಕಿ ಮಲಗಿದ್ದೆ. ಸತ್ತೇ ಹೋಗಿದ್ದಾನೋ ಎಂದು ನೋಡಲು ಮೂವರು ನಿಧಾನಿಸಿದ್ದರಂತೆ. ಕಾಲು ಅಲುಗಾಡಿದ್ದು ಕಂಡು ಮುಂದೆ ಹೋದರಂತೆ. ಆ ಮೇಜಿನಲ್ಲಿ ನನಗಾಗಲೇ ಒಂದು ಅಡ್ಡಹೆಸರು ಇತ್ತು, ಅದನ್ನು ಇಲ್ಲಿ ಬರೆಯುವಂತಿಲ್ಲ. ಏಕಾಂತ ಹುಡುಕಿಕೊಂಡು ಬಂದವನ ಸುದ್ದಿ ವೈರ್‌ಲೆಸ್ಸಿನ ಹತ್ತೊಂಬತ್ತನೇ ಚಾನೆಲ್ಲಿನಲ್ಲಿ ನೂರಾರು ಕಿ.ಮೀ. ಹಬ್ಬಿತ್ತು. ತೀರ್ಥಹಳ್ಳಿಯಲ್ಲೂ ಸುದ್ದಿ ಇಷ್ಟು ವೇಗವಾಗಿ ಓಡುವುದಿಲ್ಲ.

ಕೋಲ್ಡ್‌ಫುಟ್‌ನಿಂದ ಮುಂದೆ ಸುಮಾರು 385 ಕಿ.ಮೀ., ಹತ್ತಿರ ಹತ್ತಿರ ಬೆಂಗಳೂರಿನಿಂದ ಹುಬ್ಬಳ್ಳಿಯಷ್ಟು ದೂರ, ಪೆಟ್ರೋಲ್ ಬಂಕಿಲ್ಲ, ಟೀ ಅಂಗಡಿಯಿಲ್ಲ. ಒಂದು ಕಡೆ ಮರಗಳೂ ಮುಗಿದವು. ಪೈಪ್‌ಲೈನ್ ದಾರಿಯ ಅತ್ಯಂತ ಉತ್ತರದ ಸ್ಪ್ರೂಸ್ ಇದು, ಕಡಿಯಬೇಡಿ ಎಂದು ಅಲ್ಲೊಂದು ಮರಕ್ಕೆ ಬೋರ್ಡು ಹಾಕಿದ್ದರು. 2004ರಲ್ಲಿ ಯಾರೋ ಅದರ ತೊಗಟೆ ಸುತ್ತಲೂ ಕಡಿದು ಕೊಂದುಹಾಕಿದರು. ಬೋರ್ಡಿಲ್ಲದ ಮರಗಳೆಲ್ಲ ಸುಖವಾಗಿವೆ.

ಆಮೇಲೆ ಬಂದದ್ದು ಅಟಿಗನ್ ಕಣಿವೆಮಾರ್ಗ, 1444 ಮೀಟರ್ ಎತ್ತರ. ಆಗುಂಬೆ ಘಾಟಿಯಲ್ಲಿ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ ಬೆಳೆದವನು ನಾನು, ಘಟ್ಟವೆಂದರೆ ನಮ್ಮ ಮನೆಯ ಮೆಟ್ಟಿಲು ಎಂಬ ಹಮ್ಮು ಇತ್ತು. ಅರ್ಧ ಹತ್ತುವಷ್ಟರಲ್ಲಿ ಗಾಳಿ ಎದ್ದಿತು. ನೆಲದ ಹಿಮ ಮೇಲಕ್ಕೆ, ಆಕಾಶದ ಹಿಮ ಕೆಳಕ್ಕೆ. ರಸ್ತೆ, ಬೆಟ್ಟ, ಪ್ರಪಾತ ಎಲ್ಲ ಒಂದೇ ಬಿಳಿ. ಮಾವನಿಲ್ಲದ ಫೋಟೋ ಕೊನೆಗೂ ಸಿಕ್ಕಿತ್ತು: ಹಿಮ ಕುಸಿಯುವ ಆ ಘಟ್ಟದಲ್ಲಿ ಪೈಪನ್ನು ನೆಲದೊಳಗೆ, ಶಾಖ ತಾಗದ ಪೆಟ್ಟಿಗೆಯಲ್ಲಿ ಹೂತಿದ್ದಾರೆ. ಎರಡು ದಿನ ಬೇಡಿಕೊಂಡಿದ್ದ ಖಾಲಿ ಜಗತ್ತು ಗಾಜಿನಾಚೆ ನಿಂತಿತ್ತು. ನಾನು ಕ್ಯಾಮೆರಾ ಮುಟ್ಟಲಿಲ್ಲ. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಎಲ್ಲಿ ಹೋಯ್ತು ಈ ದರಿದ್ರದ ಪೈಪು" ಎಂದು ಗಟ್ಟಿಯಾಗಿಯೇ ಹುಡುಕತೊಡಗಿದೆ. ಪೈಪಿದ್ದರೆ ಪಕ್ಕದಲ್ಲೇ ರಸ್ತೆ ಇದೆಯೆಂದರ್ಥ. ಈ ರಸ್ತೆ ಇರುವುದೇ ಅದರಿಂದ: 1974ರಲ್ಲಿ ಪೈಪಿನ ಸಾಮಾನು ಸಾಗಿಸಲೆಂದು ಐದೇ ತಿಂಗಳಲ್ಲಿ ಕಡಿದ ದಾರಿ, ನನ್ನಂಥ ಅಬ್ಬೇಪಾರಿಗಳಿಗೆ ಕೊನೆಯ ತನಕ ಬಿಟ್ಟದ್ದು ಅಕ್ಕನ ಮದುವೆಯಾದ 1994ರಲ್ಲಿ. ಅಕ್ಕನ ಮದುವೆಯ ಛತ್ರದ ಬಾಡಿಗೆ, ಅಡಿಗೆಯವರ ದುಡ್ಡು ಎರಡೂ ಮಾವನದೆಂದು ನನಗೆ ಗೊತ್ತಾಗಿದ್ದು ಅವರು ತೀರಿಕೊಂಡ ಮೇಲೆ, ಅಪ್ಪನ ಹಳೆಯ ಲೆಕ್ಕದ ಪುಸ್ತಕದಲ್ಲಿ. ಇದು ನನಗೆ ಘಟ್ಟದ ಮೇಲೆ ಹೊಳೆಯಿತು ಅಂದರೆ ಸುಳ್ಳಾಗುತ್ತದೆ. ಅಲ್ಲಿ ಹೊಳೆದದ್ದು ಬ್ರೇಕು ಒತ್ತಬಾರದು ಎಂಬುದೊಂದೇ.

ಆಚೆ ಇಳಿದ ಮೇಲೆ ಗಾಳಿ ನಿಂತಿತು. ಮರವೊಂದೂ ಇಲ್ಲದ ಬಯಲು. ಬಿಸಿಲಿನಲ್ಲಿ ಬೆಳ್ಳಗೆ ಮಿನುಗುತ್ತ, ಏನೂ ಆಗಿಲ್ಲವೆಂಬಂತೆ, ಪೈಪು ನೆಲದಿಂದೆದ್ದು ಬಂತು. ಪಕ್ಕದಲ್ಲಿ ಒಂದು ದೊಡ್ಡ ಲಾರಿ ನಿಲ್ಲಿಸಿಕೊಂಡು ಡ್ರೈವರು ಚಕ್ರದ ಸರಪಳಿ ಬಿಚ್ಚುತ್ತಿದ್ದ. ನನ್ನ ಮುಖ ನೋಡಿ ಏನೂ ಕೇಳದೆ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಸುರಿದು ಕೊಟ್ಟ. ಆಮೇಲೆ ಕ್ಯಾಮೆರಾ ಇಸಿದುಕೊಂಡು, ಪೈಪಿನ ಕಡೆ ಕೈ ತೋರಿಸಿ, ಅಲ್ಲಿ ನಿಲ್ಲು ಅಂದ. ನಿಂತೆ. ಇನ್ನೂ ಸ್ವಲ್ಪ ಹತ್ತಿರ, ಅಂದ.

ಆ ಪ್ರವಾಸದಲ್ಲಿ ತೆಗೆದ ಎಂಟುನೂರು ಚಿತ್ರಗಳಲ್ಲಿ ಮನೆಗೆ ಕಳಿಸಿದ್ದು ಅದೊಂದನ್ನೇ. ಅಕ್ಕ ಬರೆದಳು: "ಚೆನ್ನಾಗಿದೆ, ಆದ್ರೆ ಎಂತದೋ ಪೈಪು ಅಡ್ಡ ಬಂದಿದೆ, ಕಟ್ ಮಾಡಕ್ಕಾಗಲ್ವಾ?" ಅಮ್ಮ ಮಾತ್ರ ಫೋನೇ ಮಾಡಿದಳು.

"ಒಬ್ಬನೇ ಹೋಗಿದ್ದೆ ಅಂದ್ಯಲ್ಲ. ಮತ್ತೆ ನಿನ್ ಫೋಟೋ ತೆಗೆದೋರು ಯಾರು?"

"ಯಾರೋ ಲಾರಿ ಡ್ರೈವರು, ಅಮ್ಮ. ದಾರಿಯಲ್ಲಿ ಸಿಕ್ಕಿದ."

ಒಂದು ಕ್ಷಣ ಸುಮ್ಮನಿದ್ದಳು.

"ಅವನಿಗೆ ಉಪ್ಪಿನಕಾಯಿ ಕೊಟ್ಯಾ?"