ದೋಷಸಂಚಾರ ಮೀಮಾಂಸೆ

ಶಾಸ್ತ್ರಗ್ರಂಥ ಯಾವುದಾದರೂ ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಬೇಕು ಎಂಬುದು ಹಿರಿಯರು ಹಾಕಿಕೊಟ್ಟ ಕಟ್ಟಳೆ: ವಿಷಯವೇನು, ಪ್ರಯೋಜನವೇನು, ಎರಡಕ್ಕೂ ಸಂಬಂಧವೇನು, ಓದಲು ಅಧಿಕಾರಿ ಯಾರು. ಈ ಗ್ರಂಥದ ವಿಷಯ, ಕಾರ್ಖಾನೆಯಿಂದ ಸರಿಯಾಗಿಯೇ ಹೊರಬಂದ ಕಾರಿನ ಇಂಜಿನ್ನನ್ನು ಮನೆಯಲ್ಲಿ ಬಿಚ್ಚಿ ಇನ್ನಷ್ಟು ಸರಿಮಾಡುವುದು. ಪ್ರಯೋಜನ ಇಲ್ಲ. ಪ್ರಯೋಜನವೇ ಇಲ್ಲವಾದ್ದರಿಂದ ಸಂಬಂಧದ ಪ್ರಶ್ನೆ ಏಳುವುದಿಲ್ಲ. ಉಳಿದದ್ದು ಅಧಿಕಾರಿ. ತಿಂಗಳ ಸಂಬಳ ಉಳ್ಳವನು, ಮಳೆ ಸೋರದ ಶೆಡ್ಡು ಉಳ್ಳವನು, ಭಾನುವಾರ ಬೆಳಗ್ಗೆ ಸದ್ದು ಸಹಿಸುವ ನೆರೆಹೊರೆ ಉಳ್ಳವನು, ಓಡಾಡಲು ಬೇರೊಂದು ವಾಹನ ಉಳ್ಳವನು ಅಧಿಕಾರಿ. ಮೊದಲ ಮೂರೂ ಇಲ್ಲದೆ ಈ ಮಾರ್ಗ ಹಿಡಿದವರನ್ನು ಶೆಡ್ಡುಗಳಲ್ಲಿ ಕಂಡಿದ್ದೇವೆ. ನಾಲ್ಕನೆಯದಿಲ್ಲದೆ ಹಿಡಿದವರನ್ನು ಬಸ್ ಸ್ಟಾಪಿನಲ್ಲಿ ಕಂಡಿದ್ದೇವೆ.

ವಿಚಾರ ಗಾಳಿಯಲ್ಲಿ ತೇಲದಿರಲೆಂದು ಒಂದು ಇಂಜಿನ್ನನ್ನು ಲಕ್ಷ್ಯವಾಗಿ ಇಟ್ಟುಕೊಳ್ಳುತ್ತೇವೆ. ಅದು 1983ರ ಡಿಸೆಂಬರಿನಲ್ಲಿ ರಸ್ತೆಗೆ ಬಂದ ಮಾರುತಿ 800ರ ಎಫ್8ಬಿ. ಮೂರು ಸಿಲಿಂಡರು, ಬೋರು 68.5 ಮಿಲಿಮೀಟರ್, ಸ್ಟ್ರೋಕು 72, ಶಕ್ತಿ 40 ಅಶ್ವಗಳ ಒಳಗೆ. ಲೆಕ್ಕ ಹಾಕಿದರೆ ಒಟ್ಟು 796 ಸಿಸಿ ಬರುತ್ತದೆ. ಹೆಸರಿನಲ್ಲಿ 800 ಎಂದು ಬರೆದು ಕೈಗೆ 796 ಕೊಟ್ಟಮೇಲೆ ಬಾಕಿ 4 ಸಿಸಿ ವಸೂಲಿ ಮಾಡಿಕೊಳ್ಳುವುದು ಕೊಂಡವನ ಹಕ್ಕು. ಇಡೀ ಹವ್ಯಾಸದ ನೈತಿಕ ಬುನಾದಿ ಇಷ್ಟೇ. ಬೋರ್ ಮಾಡಿಸಿ 0.25 ಓವರ್‌ಸೈಜ್ ಪಿಸ್ಟನ್ ಕೂರಿಸಿದರೆ 801.8 ಸಿಸಿ ಆಗುತ್ತದೆ, ಅಂದರೆ ಅಸಲು ಬಂದು ಮೇಲೆ ಚೂರು ಬಡ್ಡಿಯೂ ಬಂತು. ಧರ್ಮಿಷ್ಠರು ಅಲ್ಲಿಗೆ ನಿಲ್ಲಿಸುತ್ತಾರೆ. ಅಲ್ಲಿಗೆ ನಿಲ್ಲಿಸಿದವರ ಉದಾಹರಣೆ ನಮ್ಮ ಸಂಶೋಧನೆಯಲ್ಲಿ ದೊರೆತಿಲ್ಲ.

ಪೂರ್ವಾಚಾರ್ಯರ ಪರಂಪರೆಯನ್ನು ಎರಡು ಮಾತಿನಲ್ಲಿ ಮುಗಿಸೋಣ. 1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ನಾಲ್ಕು ಸ್ಟ್ರೋಕಿನ ಇಂಜಿನ್ ಓಡಿಸಿ ತೋರಿಸಿದ. ಆಮೇಲಿನವರೆಲ್ಲ ಅವನಿಗೆ ಬುದ್ಧಿ ಹೇಳಿದವರೇ. ನಮ್ಮ ಕಡೆ ಈ ಪಂಥದ ಪುಣ್ಯಕ್ಷೇತ್ರ ಮದರಾಸಿನ ಹತ್ತಿರದ ಶೋಲಾವರಂ. ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿಯ ಮೇಲೆ ಅಲ್ಲಿ ದಶಕಗಳ ಕಾಲ ರೇಸು ನಡೆಯಿತು. ಸಂಸಾರ ಸಮೇತ ಮದುವೆಮನೆಗೆ ಹೋಗಿಬರಲೆಂದು ಮಾಡಿದ 1089 ಸಿಸಿಯ ಫಿಯೆಟ್ 1100 ಕಾರುಗಳು ಅಲ್ಲಿ ಬೇರೆಯೇ ಅವತಾರ ತಾಳಿದವು. ಬೆಂಗಳೂರಿನ ಕಾಣಿಕೆ ಸಿಪಾನಿ ಡಾಲ್ಫಿನ್: ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಕುಲದ್ದು, 848 ಸಿಸಿಯ ಅಲ್ಯೂಮಿನಿಯಂ ಇಂಜಿನ್, ಫೈಬರ್‌ಗ್ಲಾಸ್ ಮೈ. ಸಂಸಾರಸ್ಥರು ಆ ಮೈಯನ್ನು ಬೆರಳಲ್ಲಿ ತಟ್ಟಿ ನೋಡಿ ಮಾರುತಿ ಕೊಂಡರು. ಹಗುರ ಗಾಡಿಯ ಬೆಲೆ ಬಲ್ಲ ರ‍್ಯಾಲಿಯವರು ಡಾಲ್ಫಿನ್ ಕೊಂಡರು.

ಇನ್ನು ಸಾಧನಾ ವಿಚಾರ. ಶಕ್ತಿಗೆ ಮಾರ್ಗ ಮೂರು: ಇಂಜಿನ್ನಿಗೆ ಹೆಚ್ಚು ಗಾಳಿ ಕುಡಿಸು, ಕುಡಿದದ್ದನ್ನು ಹೆಚ್ಚು ಅದುಮು, ಇದನ್ನೇ ಹೆಚ್ಚು ಸಲ ಮಾಡಿಸು. ಹಿಂದಿನ ಗಾಜಿಗೆ ಸ್ಟಿಕ್ಕರ್ ಅಂಟಿಸುವುದು ನಾಲ್ಕನೆಯದೆಂದು ಕೆಲವರು ವಾದಿಸುತ್ತಾರೆ. ಅದನ್ನು ನಾಸ್ತಿಕಮತವೆಂದು ಬದಿಗಿಡುತ್ತೇವೆ.

ಗಾಳಿ ಕುಡಿಸುವವರು ಮೊದಲು ಇನ್‌ಲೆಟ್ ಪೋರ್ಟನ್ನು ಎಮರಿ ಕಾಗದದಿಂದ ಮುಖ ಕಾಣುವವರೆಗೆ ಉಜ್ಜುತ್ತಾರೆ. ಕಾರ್ಬೊರೇಟರ್ ಗಾಡಿಯಲ್ಲಿ ಅಷ್ಟು ನುಣುಪಾದ ಗೋಡೆಯ ಮೇಲೆ ಪೆಟ್ರೋಲು ಹನಿಗಟ್ಟಿ ಕೂರುತ್ತದೆ, ತುಸು ಒರಟೇ ಲೇಸು, ಪೋರ್ಟೂ ಗ್ಯಾಸ್ಕೆಟ್ಟಿನ ತೂತೂ ಒಂದಕ್ಕೊಂದು ಸರಿಯಾಗಿ ಕೂಡಿದರೆ ಸಾಕು ಎಂದು ಬಲ್ಲವರು ಹೇಳುತ್ತಲೇ ಬಂದಿದ್ದಾರೆ. ಆದರೂ ಉಜ್ಜುತ್ತಾರೆ, ಯಾಕೆಂದರೆ ಮಿಕ್ಕೆಲ್ಲ ಕೆಲಸಕ್ಕಿಂತ ಉಜ್ಜುವುದು ಅಗ್ಗ. ಆಮೇಲೆ ಕ್ಯಾಮ್ ಬದಲಿಸುತ್ತಾರೆ. ಇನ್‌ಲೆಟ್ ಮತ್ತು ಎಕ್ಸಾಸ್ಟ್ ವಾಲ್ವ್‌ಗಳು ಎರಡೂ ಒಟ್ಟಿಗೆ ತೆರೆದಿರುವ ಹೊತ್ತು ಹೊಸ ಕ್ಯಾಮಿನಲ್ಲಿ ಹೆಚ್ಚು. ವೇಗದಲ್ಲಿ ಇದರಿಂದ ಲಾಭವುಂಟು. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಸುಟ್ಟ ಗಾಳಿ ಹೊಸ ಗಾಳಿಗೆ ಬೆರೆತು ಐಡ್ಲಿಂಗ್ ನಿಲ್ಲುವುದಿಲ್ಲ, ಗಾಡಿ ನಡುಗುತ್ತದೆ. ಸಾಮಾನ್ಯರು ಇದನ್ನು ರೋಗ ಎನ್ನುತ್ತಾರೆ, ಪಂಥದವರು ಆವೇಶ ಎನ್ನುತ್ತಾರೆ.

ಅದುಮುವ ಮಾರ್ಗದಲ್ಲಿ ಗಣಿತವಿದೆ. ಒಂದು ಸಿಲಿಂಡರಿನ ಗಾತ್ರ ಸುಮಾರು 265 ಸಿಸಿ. ಕಂಪ್ರೆಷನ್ ಅನುಪಾತ 9 ಎಂದಿಟ್ಟುಕೊಂಡರೆ ಪಿಸ್ಟನ್ ಮೇಲಕ್ಕೆ ಬಂದಾಗ ಉಳಿಯುವ ಜಾಗ ಸುಮಾರು 33 ಸಿಸಿ. ಲೇತ್ ಅಂಗಡಿಯಲ್ಲಿ ಹೆಡ್ಡಿಗೆ ಫೇಸಿಂಗ್ ಮಾಡಿಸಿ ಅರ್ಧ ಮಿಲಿಮೀಟರ್ ತೆಗೆಸಿದರೆ ಆ ಜಾಗ ಹೆಚ್ಚೆಂದರೆ 1.8 ಸಿಸಿ ಕುಗ್ಗಿ ಅನುಪಾತ 9.5ರ ಹತ್ತಿರ ಬರುತ್ತದೆ. ಬಂಕಿನಲ್ಲಿ ವರ್ಷಗಟ್ಟಲೆ ಸಿಗುತ್ತಿದ್ದ ಮಾಮೂಲಿ 91 ಆಕ್ಟೇನ್ ಪೆಟ್ರೋಲು ಇಷ್ಟನ್ನು ತಡೆದುಕೊಂಡೀತು. ಇನ್ನೂ ತೆಗೆಸಿದರೆ ಕಿಡಿ ಹೊತ್ತಿಸಿದ ಬೆಂಕಿ ಮೂಲೆ ತಲುಪುವ ಮೊದಲೇ ಮೂಲೆಯಲ್ಲಿದ್ದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಏರಿನಲ್ಲಿ ಕಟಕಟ ಎಂದು ಕೇಳುವ ಸದ್ದು ಅದು. ಪಿಸ್ಟನ್ನಿನ ತಲೆ ತೂತಾಗುವವರೆಗೂ ಅದನ್ನು ಟಪೆಟ್ ಸದ್ದೆಂದು ನಂಬಿದ ಮಹನೀಯರಿದ್ದಾರೆ.

ಮೂರನೆಯದು ವೇಗದ ಮಾರ್ಗ, ನಿರ್ವಾಣಕ್ಕೆ ಅತಿ ಹತ್ತಿರದ್ದು. 6000 ಆರ್‌ಪಿಎಂನಲ್ಲಿ ಈ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 14.4 ಮೀಟರ್. 8000ಕ್ಕೆ ಏರಿಸಿದರೆ 19.2. ವೇಗ ಮೂರನೇ ಒಂದು ಪಾಲಷ್ಟು ಹೆಚ್ಚಿತು, ಆದರೆ ಕನೆಕ್ಟಿಂಗ್ ರಾಡಿನ ಮೇಲಿನ ಎಳೆತ ವರ್ಗದ ಲೆಕ್ಕದಲ್ಲಿ ಏರಿ 1.78 ಪಟ್ಟಾಯಿತು. ಅಷ್ಟು ಹೊತ್ತಿಗೆ ವಾಲ್ವ್ ಸ್ಪ್ರಿಂಗು ಕ್ಯಾಮಿನ ಜೊತೆ ಓಡಲಾರದೆ ಹಿಂದೆ ಬಿದ್ದಿರುತ್ತದೆ. ಮುಚ್ಚಬೇಕಾದ ವಾಲ್ವು ಮುಚ್ಚುವುದಿಲ್ಲ, ಬರಬೇಕಾದ ಪಿಸ್ಟನ್ನು ಬರುವುದನ್ನು ಬಿಡುವುದಿಲ್ಲ. ಮುಂದಿನದನ್ನು ಗುಜರಿಯವರು ತೂಕ ಹಾಕಿ ಹೇಳುತ್ತಾರೆ.

ಇಲ್ಲಿಗೆ ಭೂಮಿಕೆ ಮುಗಿಯಿತು, ಇನ್ನು ಸಿದ್ಧಾಂತ. ದೋಷವು ಹುಟ್ಟುವುದಿಲ್ಲ, ಸಾಯುವುದೂ ಇಲ್ಲ. ಜೀರ್ಣವಾದ ಬಿಡಿಭಾಗವನ್ನು ತೊರೆದು ಹೊಸ ಬಿಡಿಭಾಗವನ್ನು ಸೇರುತ್ತದೆ. ಕಾರ್ಖಾನೆಯವರು ಪ್ರತಿ ಭಾಗವನ್ನೂ ಮಿಕ್ಕ ಭಾಗಗಳ ತಾಕತ್ತು ನೋಡಿಯೇ ಅಳೆದಿರುತ್ತಾರೆ. 40 ಅಶ್ವಕ್ಕೆ ಒಪ್ಪಿಕೊಂಡಿದ್ದ ಸಂಸಾರಕ್ಕೆ 60 ಅಶ್ವ ಬಂದರೆ ಮೊದಲು ಹೆಡ್ ಗ್ಯಾಸ್ಕೆಟ್ ಹೊಡೆಯುತ್ತದೆ. ಒಳ್ಳೆಯ ಗ್ಯಾಸ್ಕೆಟ್ ಹಾಕಿ ಟಾರ್ಕ್ ವ್ರೆಂಚ್ ಹಿಡಿದು ಬಿಗಿದರೆ ಬಿಸಿ ರೇಡಿಯೇಟರಿಗೆ ಹೋಗುತ್ತದೆ. ರೇಡಿಯೇಟರ್ ದೊಡ್ಡದು ಮಾಡಿದರೆ ಕ್ಲಚ್ಚು ಜಾರುತ್ತದೆ. ಕ್ಲಚ್ಚು ಹಿಡಿಯುವಂತಾದರೆ ಗೇರುಬಾಕ್ಸು ಕೂಗುತ್ತದೆ, ಅದನ್ನು ಸುಮ್ಮನಿರಿಸಿದರೆ ಡ್ರೈವ್ ಶಾಫ್ಟು. ಕೊನೆಗೆ ದೋಷ ಬ್ರೇಕನ್ನು ಸೇರುತ್ತದೆ. ಬ್ರೇಕಿನಿಂದ ಕಾಂಪೌಂಡ್ ಗೋಡೆಗೆ ದಾಟಿದ ನಿದರ್ಶನವೂ ಉಂಟು.

ಇಲ್ಲೊಂದು ಪೂರ್ವಪಕ್ಷ: ದೋಷವನ್ನು ಇದ್ದಲ್ಲೇ ಇರಗೊಟ್ಟರೆ ಆಗದೇ? ಇದು ಯಥಾಸ್ಥಿತಿವಾದ. ಇದರ ಪ್ರತಿಪಾದಕರು ಬಹುತೇಕ ವೃತ್ತಿನಿರತ ಮೆಕ್ಯಾನಿಕ್ಕುಗಳು. ಕೈ ಒರೆಸಿಕೊಳ್ಳುತ್ತಾ, ‘ಕಂಪನಿ ಸೆಟ್ಟಿಂಗೇ ಚೆನ್ನಾಗಿತ್ತು ಸಾರ್’ ಎನ್ನುವುದು ಇವರ ಮೂಲಸೂತ್ರ. ಖಂಡನೆ ಹೀಗೆ: ಮಾತು ನಿಜ. ಆದರೆ ನಿಜವಾದದ್ದೆಲ್ಲ ವಾದವಾಗುವುದಿಲ್ಲ. ಅಲ್ಲದೆ ಅವರು ದುಡ್ಡಿಗಾಗಿ ಇಂಜಿನ್ ಬಿಚ್ಚುವವರು. ನಿಷ್ಕಾಮವಾಗಿ ಬಿಚ್ಚುವವನ ಮನಃಸ್ಥಿತಿ ಅವರಿಗೆ ನಿಲುಕದು.

ದೋಷವನ್ನು ತಿಳಿಯಲು ಪ್ರಮಾಣಗಳು ಮೂರು. ಪ್ರತ್ಯಕ್ಷ ಪ್ರಮಾಣಕ್ಕೆ ಸ್ಪಾರ್ಕ್ ಪ್ಲಗ್ಗು ಬಿಚ್ಚಿ ಮುಖ ನೋಡಬೇಕು. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲು ಜಾಸ್ತಿ, ಸುಣ್ಣ ಬಿಳುಪಾದರೆ ಕಡಿಮೆ, ಎಣ್ಣೆ ಜಿಡ್ಡಿದ್ದರೆ ರಿಂಗೋ ವಾಲ್ವ್ ಸೀಲೋ ಸವೆದಿದೆ. ಬೇಕಾದದ್ದು ಹುರಿದ ಕಾಫಿಪುಡಿಯ ಬಣ್ಣ. ಈ ಶಾಸ್ತ್ರದಲ್ಲಿ ಶುಭಾಶುಭ ಎರಡಕ್ಕೂ ಕಾಫಿಯೇ ಮಾನದಂಡ ಎಂಬುದನ್ನು ವಿದ್ಯಾರ್ಥಿ ಗಮನಿಸಬೇಕು: ಪುಡಿಯ ಬಣ್ಣ ಪ್ಲಗ್ಗಿನ ಮೇಲಿದ್ದರೆ ಮಂಗಳ, ಹಾಲು ಬೆರೆಸಿದ ಬಣ್ಣ ಆಯಿಲ್ ಮುಚ್ಚಳದ ಒಳಗೆ ಕಂಡರೆ ಗ್ಯಾಸ್ಕೆಟ್ ಹೋಗಿ ಆಯಿಲ್ಲಿಗೆ ನೀರು ಸೇರಿದೆ.

ಎರಡನೆಯದು ಅನುಮಾನ. ಗುಡ್ಡದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿ ಇದೆಯೆಂದು ಊಹಿಸುವುದು ತಾರ್ಕಿಕರ ಹಳೆಯ ಉದಾಹರಣೆ. ನಮ್ಮ ಗುಡ್ಡದಲ್ಲಿ ಬೆಂಕಿ ಇದ್ದೇ ಇದೆ, ಇರಲೇಬೇಕು. ಆದ್ದರಿಂದ ನಾವು ಹೊಗೆಯ ಬಣ್ಣಕ್ಕೆ ಹೋಗುತ್ತೇವೆ: ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಪೆಟ್ರೋಲು ವ್ಯರ್ಥವಾಗುತ್ತಿದೆ, ಇಂಜಿನ್ ಬಿಸಿಯಾದ ಮೇಲೂ ಬಿಳಿ ಬರುತ್ತಿದ್ದರೆ ನೀರು ಆವಿಯಾಗುತ್ತಿದೆ. ಇದಕ್ಕೂ ಸೂಕ್ಷ್ಮವಾದ ಅನುಮಾನ ಕಂಪ್ರೆಷನ್ ಗೇಜಿನದು. ಒಂದು ಸಿಲಿಂಡರು ಕಡಿಮೆ ತೋರಿಸಿದರೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಮುಳ್ಳು ಏರಿದರೆ ಆ ಆಯಿಲ್ ರಿಂಗಿನ ಸಂದು ಮುಚ್ಚಿದೆ, ತಪ್ಪು ರಿಂಗಿನದು. ಏರದಿದ್ದರೆ ವಾಲ್ವಿನದೋ ಗ್ಯಾಸ್ಕೆಟ್ಟಿನದೋ. ಅಲ್ಲಿಗೂ ಬಗೆಹರಿಯದಿದ್ದರೆ ಎರಡೂ ವಾಲ್ವ್ ಮುಚ್ಚಿರುವಂತೆ ಪಿಸ್ಟನ್ನನ್ನು ಮೇಲೆ ನಿಲ್ಲಿಸಿ ಅದೇ ತೂತಿನಿಂದ ಗಾಳಿ ತುಂಬಿ ಕಿವಿಗೊಡಬೇಕು. ಕಾರ್ಬೊರೇಟರಿನಲ್ಲಿ ಬುಸ್ ಎಂದರೆ ಇನ್‌ಲೆಟ್ ವಾಲ್ವು, ಸೈಲೆನ್ಸರಿನಲ್ಲಾದರೆ ಎಕ್ಸಾಸ್ಟ್ ವಾಲ್ವು, ಆಯಿಲ್ ತುಂಬುವ ಬಾಯಲ್ಲಾದರೆ ರಿಂಗು, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ಟು. ಇಷ್ಟು ನಿಖರವಾದ ಪ್ರಮಾಣ ಕೈಯಲ್ಲಿರುವಾಗಲೂ ಹವ್ಯಾಸಿ ಮೊದಲು ಕಾರ್ಬೊರೇಟರ್ ಬಿಚ್ಚುತ್ತಾನೆ. ಅದು ಮೇಲೆಯೇ ಇದೆ, ಕೈಗೆ ಸಿಗುತ್ತದೆ.

ಮೂರನೆಯದು ಆಪ್ತವಾಕ್ಯ, ಎಂದರೆ ಬಾನೆಟ್ ತೆರೆದೊಡನೆ ಸೇರುವವರ ಮಾತು. ಆಡುವವನು ಗಾಡಿಯಿಂದ ಎಷ್ಟು ದೂರ ನಿಂತಿದ್ದಾನೋ ಅವನ ಮಾತು ಅಷ್ಟು ಖಚಿತ. ಸ್ಪ್ಯಾನರ್ ಹಿಡಿದವನಿಗೆ ಸಂಶಯ, ಟಾರ್ಚ್ ಹಿಡಿದವನಿಗೆ ಅಭಿಪ್ರಾಯ, ಗೇಟಿಗೆ ಒರಗಿದವನಿಗೆ ಸಾಕ್ಷಾತ್ಕಾರ.

ಧರ್ಮಶಾಸ್ತ್ರದ ಒಂದು ಶಂಕೆಗೂ ಇಲ್ಲಿಯೇ ಸಮಾಧಾನ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸಬಾರದು ಎನ್ನುತ್ತದೆ. ಇಂಥ ಇಂಜಿನ್ನಿಗೆ ರೇಸ್ ಟ್ರ್ಯಾಕೇ ಗತಿ ಎಂಬುದು ಇದರ ನೇರ ಅರ್ಥ. ಹವ್ಯಾಸಿಗಳ ವ್ಯಾಖ್ಯಾನ ಬೇರೆ: ಕಾಯ್ದೆ ರಸ್ತೆಯ ಮೇಲೆ ಓಡುವ ವಾಹನವನ್ನು ಕುರಿತದ್ದು. ನಮ್ಮದು ಓಡುವುದಿಲ್ಲ. ಆದ್ದರಿಂದ ನಾವು ಕಾನೂನನ್ನು ನಿಷ್ಠೆಯಿಂದ ಪಾಲಿಸುತ್ತಿದ್ದೇವೆ.

ಕೊನೆಯದಾಗಿ ದೃಷ್ಟಾಂತ. ಬೆಂಗಳೂರಿನ ಒಂದು ಶೆಡ್ಡಿನಲ್ಲಿ ಹೊಸದಾಗಿ ಬೋರ್ ಮಾಡಿಸಿ, ಫೇಸಿಂಗ್ ಮಾಡಿಸಿ, ಇಳಿಸಿದ್ದ ಇಂಜಿನ್ ಮತ್ತೆ ಏರಿಸಿದ ಎಫ್8ಬಿ ಒಂದು 4000 ಆರ್‌ಪಿಎಂ ದಾಟಿದೊಡನೆ ಮಿಸ್ ಹೊಡೆಯುತ್ತಿತ್ತು. ಮೂರು ಸಿಲಿಂಡರಿಗೆ ಆ ವೇಗದಲ್ಲಿ ಸೆಕೆಂಡಿಗೆ ನೂರು ಕಿಡಿ ಬೇಕು. ಪ್ಲಗ್ಗು ಎಂದರು, ಬದಲಾಯಿತು. ಪ್ಲಗ್ ವೈರು, ಡಿಸ್ಟ್ರಿಬ್ಯೂಟರ್ ಕ್ಯಾಪು, ಕಾಯಿಲ್ಲು ಎಂದರು, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯವರು ಹವ್ಯಾಸಿಯನ್ನು ಮುಖ ಕಂಡೊಡನೆ ಕೂರಿಸಿ ಟೀ ತರಿಸುವ ಹಂತ ಬಂತು. ಕಾರ್ಬೊರೇಟರ್ ಸೀಮೆಎಣ್ಣೆಯಲ್ಲಿ ಮುಳುಗಿ ಎದ್ದಿತು. ಟ್ಯಾಂಕಿನ ತುಕ್ಕು ಸಿಕ್ಕಿತು, ವ್ಯಾಕ್ಯೂಮ್ ಪೈಪಿನಲ್ಲಿ ಸೀಳು ಸಿಕ್ಕಿತು, ಸಿಕ್ಕಿದ್ದೆಲ್ಲ ನಿಜವಾದ ದೋಷವೇ. ಪ್ರತಿಸಲವೂ ಗಾಡಿ ಹಿಂದಿಗಿಂತ ಉತ್ತಮವಾಗಿ ಮಿಸ್ ಹೊಡೆಯಿತು.

ಆಗ ಬಂದವರು ಎದುರುಮನೆಯ ಯಜಮಾನರು, ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಮೆಕ್ಯಾನಿಕ್ಕಾಗಿದ್ದು ನಿವೃತ್ತರಾದವರು.

‘ಮಿಸ್ ಶುರುವಾಗೋಕೆ ಮುಂಚೆ ಕಡೇದಾಗಿ ಏನಪ್ಪಾ ಬಿಚ್ಚಿದ್ದೆ?’

‘ಇಡೀ ಇಂಜಿನ್ನೇ ಇಳಿಸಿದ್ದೆ ಅಂಕಲ್.’

‘ಸರಿ. ಸೆಲ್ಫ್ ಹೊಡಿ.’

ಹವ್ಯಾಸಿ ನಾಲ್ಕೈದು ಸಲ ಸೆಲ್ಫ್ ಹೊಡೆದ. ಯಜಮಾನರು ಬಾನೆಟ್ಟಿನೊಳಗೆ ಕೈಯಿಟ್ಟು ಹಿಡಿದದ್ದು ಪ್ಲಗ್ಗನ್ನಲ್ಲ, ಕಾಯಿಲ್ಲನ್ನಲ್ಲ, ಆಕ್ಸಿಲರೇಟರ್ ಕೇಬಲ್ಲನ್ನು.

‘ಇದು ಯಾಕೋ ಬಿಸಿ?’

ಇಂಜಿನ್ನಿಗೂ ಬಾಡಿಗೂ ನಡುವಿನ ಅರ್ತ್ ಪಟ್ಟಿಯ ಬೋಲ್ಟು ಸಡಿಲವಾಗಿತ್ತು, ಅಡಿಯಲ್ಲಿ ಬಣ್ಣ ಬೇರೆ ಬಳಿದಿತ್ತು. ಮರಳಿ ಹೋಗಲು ದಾರಿ ಕಾಣದ ಕರೆಂಟು ಆಕ್ಸಿಲರೇಟರ್ ಕೇಬಲ್ ಹಿಡಿದು ಬ್ಯಾಟರಿಯ ಮನೆ ಸೇರುತ್ತಿತ್ತು. ಕಿಡಿಯ ಕರೆಂಟಿಗೂ ಅದೇ ಪಾಡು. ಬಣ್ಣ ಕೆರೆದು ಬೋಲ್ಟು ಬಿಗಿದದ್ದಕ್ಕೆ ಖರ್ಚು ಏನೂ ಆಗಲಿಲ್ಲ. ಇದರಿಂದ ಪಂಥದವರಿಗೆ ಬಹಳ ನೋವಾಯಿತು. ಯಾವ ಪ್ರಮಾಣಕ್ಕೂ ಸೇರದ ಆ ಪ್ರಶ್ನೆಯನ್ನು, ಅಂದರೆ ಕಡೆಯದಾಗಿ ಕೈಹಾಕಿದ್ದು ಎಲ್ಲಿ ಎಂಬುದನ್ನು, ಶಾಸ್ತ್ರಬಾಹ್ಯವೆಂದೂ ಸಭ್ಯರು ಕೇಳತಕ್ಕದ್ದಲ್ಲವೆಂದೂ ಈ ಗ್ರಂಥ ತೀರ್ಮಾನಿಸುತ್ತದೆ.

ಅಂದು ಸಂಜೆ ಇಂಜಿನ್ 6000 ದಾಟಿ ಶುದ್ಧವಾಗಿ ತಿರುಗಿತು. ಮಾಗಡಿ ರಸ್ತೆಯ ಏರಿನಲ್ಲಿ ಇಂಜಿನ್ನಿನ ವೇಗ ಏರಿತು, ಗಾಡಿಯ ವೇಗ ಏರಲಿಲ್ಲ. ಸಿದ್ಧಾಂತ ಹೇಳಿದಂತೆಯೇ ಕ್ಲಚ್ಚು ಜಾರುತ್ತಿತ್ತು. ಕ್ಲಚ್ ಪ್ಲೇಟ್ ಬದಲಿಸಲು ಗೇರುಬಾಕ್ಸ್ ಇಳಿಸಬೇಕು. ಗೇರುಬಾಕ್ಸ್ ಇಳಿಸುವವನು ಮೊದಲು ಬಿಚ್ಚಬೇಕಾದದ್ದು ಅರ್ತ್ ಪಟ್ಟಿ.