ದುಡ್ಡು ಮುಟ್ಟಿಲ್ಲ ಸಾರ್!

ಮನೆಯಲ್ಲೇ ಬಿಯರ್ ಮಾಡುವ ಅಮೆರಿಕದ ಒಬ್ಬ ಗೃಹಸ್ಥ ವಕೀಲರ ಮುಂದೆ ಕೂತಿದ್ದಾನೆ. “ಪ್ಲಂಬರ್‌ಗೆ ಎರಡು ಡಜನ್ ಬಾಟಲಿ ಕೊಟ್ಟೆ, ಅವನು ಸಿಂಕ್ ಸರಿಮಾಡಿದ. ದುಡ್ಡು ಮುಟ್ಟಿಲ್ಲ ಸಾರ್, ಇದು ಮಾರಾಟವೇ?” “ಬಾಟಲಿ ಕೊಡದಿದ್ದರೆ ಬರುತ್ತಿದ್ದನೇ?” “ಯಾಕೆ ಬರ್ತಾನೆ, ಅವನಿಗೇನು ಹುಚ್ಚೇ?” ಕೇಸು ಅಲ್ಲಿಗೇ ಮುಗಿಯಿತು, ಕಕ್ಷಿದಾರನಿಗಷ್ಟೇ ಗೊತ್ತಾಗಲಿಲ್ಲ.

1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ, ವಯಸ್ಕರೊಬ್ಬರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಹೆಚ್ಚೋ ಇದ್ದರೆ 200 ಗ್ಯಾಲನ್ ಬಿಯರಿಗೆ ತೆರಿಗೆ ಬಿಟ್ಟಿತು. ಆದರೆ ಅದು ಮನೆಬಳಕೆಗೆ, ಮಾರಾಟಕ್ಕಲ್ಲ. ಸ್ಪರ್ಧೆಗೆ ಒಯ್ದರೂ ತಕರಾರಿಲ್ಲ. ನೋಟೇ ಇಲ್ಲದ ಮೇಲೆ ಮಾರಾಟ ಎಲ್ಲಿಂದ ಬಂತು ಎನ್ನುವವರು ಅಲ್ಲಿನ ತೆರಿಗೆ ಇಲಾಖೆಯನ್ನು ಕೇಳಲಿ: ವಿನಿಮಯದಲ್ಲಿ ಸಿಕ್ಕ ಸೇವೆಯ ಮಾರುಕಟ್ಟೆ ಬೆಲೆಯನ್ನೂ ಅದು ಆದಾಯವೆಂದೇ ಎಣಿಸುತ್ತದೆ. ಆದಾಯ ತಂದ ಬಿಯರನ್ನು ಮನೆಬಳಕೆಯದು ಎನ್ನಲು ಬಹಳ ಧೈರ್ಯ ಬೇಕು. ಹಾಗಂತ ನೆರೆಯವನಿಗೆ ಸುಮ್ಮನೆ ಕೊಟ್ಟ ಬಾಟಲಿ ವ್ಯಾಪಾರವಾಗದು. ಅವನು ಮುಂದೆಂದೋ ತಾನಾಗಿ ಬಂದು ಹುಲ್ಲು ಕತ್ತರಿಸಿದರೂ ಆಗದು. ಮೊದಲೇ ಚೌಕಾಸಿ ನಡೆದಿತ್ತೇ ಎಂಬುದೇ ಪ್ರಶ್ನೆ. ರಾಜ್ಯಗಳ ಕಾನೂನು ಬೇರೆ ಬೇರೆ, ಆ ತಲೆನೋವು ಪ್ರತ್ಯೇಕ. ಸಿಂಕಿನ ಕೆಳಗೆ ಯಾವ ಅಧಿಕಾರಿಯೂ ಇಣುಕಲಾರ, ನಿಜ. ಹಿಡಿಯುವವರಿಲ್ಲದ ಮಾತ್ರಕ್ಕೆ ಅದು ಸಕ್ರಮವಾಗದು.

“ಬಿಯರ್ ಉಡುಗೊರೆ, ರಿಪೇರಿ ಉಪಕಾರ ಅಂತ ಇಬ್ಬರೂ ಒಂದು ಕರಾರುಪತ್ರ ಬರೆದುಕೊಂಡರೆ?”

“ಬರೀರಿ. ಸರ್ಕಾರಕ್ಕೆ ಸಾಕ್ಷಿ ಹುಡುಕುವ ಕಷ್ಟ ತಪ್ಪುತ್ತದೆ.”