ಷರತ್ತು ಭಾವ

ಷರತ್ತು ಓದುವವರು ಪ್ರತಿ ಮನೆತನದಲ್ಲೂ ಒಬ್ಬರಿರುತ್ತಾರೆ. ಔಷಧಿ ಡಬ್ಬಿಯೊಳಗಿನ ಮಡಿಕೆ ಕಾಗದ, ಕುಕ್ಕರಿನ ಗ್ಯಾರಂಟಿ ಚೀಟಿ, ಬಸ್ ಟಿಕೆಟ್ಟಿನ ಹಿಂಬದಿ, ಏನನ್ನೂ ಬಿಡುವವರಲ್ಲ. ನಮ್ಮ ಮನೆತನಕ್ಕೆ ಆ ಭಾಗ್ಯ ಅಕ್ಕನ ಮದುವೆಯಿಂದಾಗಿ ಕೋಲಾರ ಚಿನ್ನದ ಗಣಿಯ ಉರಿಗಾಂನಿಂದ ಬಂತು.

ಹೋದ ವರ್ಷ ಬಂಗಾರಪೇಟೆಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ಅಮ್ಮನ ಮೊಣಕಾಲು ರೈಲಿನ ಮೆಟ್ಟಿಲಿಗೆ ಒಪ್ಪುವುದಿಲ್ಲ ಅಂತ, ನಾವೇ ಓಡಿಸಿಕೊಂಡು ಹೋಗುವ ಬಾಡಿಗೆ ಕಾರು ಹುಡುಕಿದೆ. ಪಕ್ಕದ ಬೀದಿಯ ಹುಡುಗ ತನ್ನ ಕಾರನ್ನೇ ದಿನಕ್ಕಿಷ್ಟು ಅಂತ ಕೊಡಲು ತಯಾರಿದ್ದ. ಹಿಂದಿನ ರಾತ್ರಿಯೇ ಅಕ್ಕನೊಂದಿಗೆ ಬೆಂಗಳೂರಿಗೆ ಬಂದಿಳಿದಿದ್ದ ಭಾವ ಅದನ್ನು ಕೇಳಿ, ಮುದ್ದೆ ಮುರಿಯುತ್ತಿದ್ದ ಕೈ ತಡೆದರು.

“ವೈಟ್ ಬೋರ್ಡ್ ಗಾಡೀನ ಬಾಡಿಗೆಗಾ? ನಾಳೆ ಏನಾದ್ರೂ ಆದ್ರೆ ಇನ್ಶೂರೆನ್ಸ್‌ನೋರು ಕೈ ಎತ್ತಿಬಿಡ್ತಾರೆ ಕಣಯ್ಯ. ಕರೀ ಬೋರ್ಡ್ ಮೇಲೆ ಹಳದಿ ಅಕ್ಷರ ಇರೋದು ತರ್ಸು.”

ತರಿಸಿದೆ. ಬೆಳಗ್ಗೆ 6 ಗಂಟೆಗೆ ಕರಿ ಬೋರ್ಡಿನ ಕಾರು ಬಾಗಿಲಲ್ಲಿ ನಿಂತಿತ್ತು. ಮುಹೂರ್ತ ಒಂಬತ್ತೂವರೆಗೆ. ಹೊರಟುಬಿಟ್ಟಿದ್ದರೆ ತಿಂಡಿಯ ಹೊತ್ತಿಗೆ ಛತ್ರ ಸೇರುತ್ತಿದ್ದೆವು. ಆದರೆ ಭಾವ ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡರು. ಬೆರಳಿಗೆ ಎಂಜಲು ಹಚ್ಚಿ ಬಂಪರ್ ಉಜ್ಜಿದರು. ಹೋದರೆ ಧೂಳು, ಹೋಗದಿದ್ದರೆ ಗೀರು. ಗೀರಿಗೊಂದು ಫೋಟೋ. ನಾಲ್ಕು ಚಕ್ರ, ಸ್ಟೆಪ್ನಿ, ಡಿಕ್ಕಿಯೊಳಗಿನ ಜಾಕ್, ಓಡಿದ ಕಿಲೋಮೀಟರು, ಪೆಟ್ರೋಲ್ ಮುಳ್ಳು. ಕಾರು ತಂದ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿ ಮತ್ತೊಂದು ಸುತ್ತು ವಿಡಿಯೋ. ರೇಷ್ಮೆ ಸೀರೆ ಉಟ್ಟ ಅಕ್ಕ ಗೇಟಿನ ಕಂಬಕ್ಕೆ ಒರಗಿ ನಿದ್ದೆ ಹೋದಳು.

“ಭಾವ, ಗಾಡಿಗೆ ಇನ್ಶೂರೆನ್ಸ್ ಇದ್ದೇ ಇರತ್ತಲ್ಲ!” ಎಂದೆ. ಅನ್ನಬಾರದಿತ್ತು.

“ಯಾರಿಗಿರತ್ತೆ?”

ಆಮೇಲಿನದು ಉಪನ್ಯಾಸ. ಕಾನೂನು ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ಮಾತ್ರ. ಅದು ನಾವು ಯಾರಿಗಾದರೂ ಗುದ್ದಿದರೆ ಅವರಿಗೆ. ಕಾರಿನ ಸ್ವಂತ ಡ್ಯಾಮೇಜಿನ ಪಾಲಿಸಿ ಬೇರೆ, ಅದೂ ಮಾಲೀಕನ ಹೆಸರಿನದು. ರಿಪೇರಿ ಖರ್ಚಿನ ಮೊದಲ ಇಷ್ಟು ಸಾವಿರ ಬಾಡಿಗೆಗೆ ಪಡೆದವನದೇ ಅಂತ ಕಂಪನಿಗಳು ಕರಾರಿನಲ್ಲಿ ಬರೆದಿರುತ್ತವೆ. ಆ ಮೊತ್ತ ಇಳಿಯಬೇಕಾದರೆ ಮುಂಗಡ ಇನ್ನಷ್ಟು ತೆರಬೇಕು. ತೆತ್ತರೂ ಟೈರು, ಕ್ಲಚ್, ಕಳೆದ ಕೀಲಿ ಸಾಮಾನ್ಯವಾಗಿ ಹೊರಗೆ. ಕರಾರಿನಲ್ಲಿ ಹೆಸರಿಲ್ಲದವನು ಸ್ಟೇರಿಂಗ್ ಹಿಡಿದರೆ ಎಲ್ಲವೂ ಹೊರಗೆ. “ನೀರಲ್ಲಿ ನಿಂತ ಗಾಡಿಗೆ ಸ್ಟಾರ್ಟ್ ಹೊಡೆದ್ಯೋ, ಇಂಜಿನ್ ಖರ್ಚು ನಿಂದೇ. ಅದಕ್ಕೆ ಬೇರೆ ಪಾಲಿಸಿ ಮಾಡ್ಸಿರಬೇಕು.”

ಅವತ್ತು ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ನಾವು ಬಂಗಾರಪೇಟೆ ತಲುಪಿದಾಗ ಧಾರೆ ಮುಗಿದು ಎರಡನೇ ಪಂಕ್ತಿಗೆ ಎಲೆ ಹಾಸುತ್ತಿದ್ದರು. ಚಿಕ್ಕಪ್ಪ ಇವತ್ತಿಗೂ ನನ್ನೊಂದಿಗೆ ಮುಖ ಕೊಟ್ಟು ಮಾತಾಡುವುದಿಲ್ಲ. ಭಾವನಿಗೆ ಅದೆಲ್ಲ ತಾಗಲಿಲ್ಲ. ಮದುಮಗನ ಹುಬ್ಬಿನ ಮೇಲಿನ ಹಳೇ ಗಾಯ ನೋಡಿ ಚಿಕ್ಕಪ್ಪನ ಕಿವಿಯಲ್ಲಿ, “ಒಂದು ಫೋಟೋ ತೆಗೆದಿಟ್ಕೊಂಡಿರಿ” ಅಂದರಂತೆ.

ಕಾರು ಹಿಂದಿರುಗಿಸಿದ ಮಾರನೆಯ ದಿನ ಬಂಪರ್ ಗೀರಿಗೆ 6,500 ರೂಪಾಯಿ ಅಂತ ಮೆಸೇಜು ಬಂತು. ಭಾವ 17ನೇ ಫೋಟೋ ಕಳಿಸಿದರು. ಹತ್ತು ನಿಮಿಷಕ್ಕೆ ಹಣದ ಮಾತು ನಿಂತಿತು. ಇಂಥವರ ಜತೆ ಬಾಳುವುದರ ದೊಡ್ಡ ಕಷ್ಟ ಇದೇ: ಅವರು ಹೇಳಿದ್ದು ಸರಿಯಾಗಿರುತ್ತದೆ.

ಮನೆಯ ವಿಷಯದಲ್ಲೂ ಅಷ್ಟೇ. ಉರಿಗಾಂನ ಅವರ ಮನೆಗೆ ಶೀಟಿನ ಸೂರು. ಆಷಾಢದ ಗಾಳಿ ಏಳುವ ಮುಂಚೆ ಜೆ-ಬೋಲ್ಟುಗಳನ್ನೆಲ್ಲ ಬಿಗಿ ಮಾಡಬೇಕು, ಒಣಗಿ ಬಿರಿದ ತಾರು ವಾಷರ್ ಬದಲಿಸಬೇಕು. ಗಣಿತ್ಯಾಜ್ಯದ ಸಯನೈಡ್ ಗುಡ್ಡದಿಂದ ಹಾರಿ ಬಂದ ಧೂಳು ಸೂರಿನ ದೋಣಿಯಲ್ಲಿ ಕೆಸರುಗಟ್ಟುತ್ತದೆ. ದೀಪಾವಳಿ ಹೊತ್ತಿನ ಜಡಿಮಳೆಗೆ ಮೊದಲು ಅದನ್ನು ಕೆರೆದು ತೆಗೆಯಬೇಕು. ಗೋಡೆಯ ಬಿರುಕುಗಳಿಗೂ ಫೋಟೋ, ತಾರೀಖು. “ಇದು ನಮ್ಮಪ್ಪನ ಕಾಲದಲ್ಲಿ ಗಣಿಯೊಳಗೆ ಆದ ಏರ್ ಬ್ಲಾಸ್ಟಿಂದು, ಅದು ಬೇವಿನ ಬೇರಿಂದು” ಎಂದು ಬಂದವರಿಗೆ ತೋರಿಸುತ್ತಾರೆ. 2021ರಲ್ಲಿ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯನ್ನೂ ಮಾಡಿಸಿದ್ದಾರೆ. ಅದರಲ್ಲೂ ಸವೆತಕ್ಕೆ ಕಾಸಿಲ್ಲ ಅನ್ನುವುದು ಅವರಿಗೆ ಬಾಯಿಪಾಠ. ಹಾಗಂತ ಮನೆ ಸೋರುವುದಿಲ್ಲವೇ? ಸೋರುತ್ತದೆ, ಸರಿಯಾಗಿ ಅವರ ಮಂಚದ ಮೇಲೆ. ಕೇಳಿದರೆ, “ಅದು ಹಳೇ ಡ್ಯಾಮೇಜು.”

ಒಂದು ಸಂಜೆ ಮಾತ್ರ, ಏಣಿಯ ಬುಡದಲ್ಲಿ ಕೂತು, ಬೇರೆ ದನಿಯಲ್ಲಿ ಮಾತಾಡಿದರು. “ಗಣಿ ಕಂಪನಿ ಇದ್ದಾಗ ಸೂರು ಸೋರ್ತಂದ್ರೆ ನಮ್ಮಪ್ಪ ಆಫೀಸಿಗೆ ಒಂದು ಮಾತು ಹೇಳಿ ಶಿಫ್ಟಿಗೆ ಹೋಗೋರು. ಶೀಟು ಹೆಂಗೆ ಕೂಡ್ಸಿರ್ತಾರೆ ಅಂತಾನೂ ಅವರಿಗೆ ಗೊತ್ತಿರಲಿಲ್ಲ ಕಣೋ.” 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಕಂಡ ಊರು. ನೆಲದೊಳಗೆ 3 ಕಿಲೋಮೀಟರಿಗೂ ಆಳಕ್ಕೆ ಇಳಿದು ಬರುತ್ತಿದ್ದವರಿಗೆ ಹತ್ತಡಿ ಏಣಿ ಹತ್ತುವ ಪ್ರಸಂಗ ಬಂದಿರಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆ ವರ್ಷದ ಆಷಾಢಕ್ಕೆ ಸ್ಪ್ಯಾನರ್ ಹಿಡಿದು ಸೂರು ಹತ್ತಿದವರು ಭಾವ. ಎಷ್ಟು ಬಿಗಿ ಮಾಡಬೇಕೋ ತಿಳಿಯದೆ ಮೂರು ಶೀಟು ಒಡೆದರಂತೆ. ಹಾಗೆ ಹೇಳಿ ನಕ್ಕರು. ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಈಗ ಅವರಿಗೂ ಮೊಣಕಾಲು ನೋವು. ಈ ಆಷಾಢಕ್ಕೆ ಏಣಿ ಹತ್ತಿದವನು ನಾನು. ಭಾವ ಕೆಳಗೆ ಟಾರ್ಚ್ ಹಿಡಿದು ನಿಂತು ಲೆಕ್ಕ ಒಪ್ಪಿಸಿಕೊಂಡರು. ಒಟ್ಟು 62 ಬೋಲ್ಟು. 11 ವಾಷರ್ ಬದಲಾಯಿಸಿದ್ದೇನೆ. ಫೋಟೋ ಇದೆ.